ವಯನಾಡಿನ ವಾಯನಶಾಲೆ: ಪುಸ್ತಕದ ಕಪಾಟಿನಿಂದ ವೀರಗಲ್ಲಿನವರೆಗೆ

ಕೇರಳದ ಹಳ್ಳಿಯ ಗ್ರಂಥಾಲಯ ಸರ್ಕಾರಿ ಕಚೇರಿಯಲ್ಲ. ಅದು ಊರಿನವರು ಕಟ್ಟಿ ಊರಿನವರೇ ನಡೆಸುವ ಸಂಘ. ಚಂದಾ ಕೊಟ್ಟು ಪುಸ್ತಕ ಒಯ್ಯುವವರೇ ಅದರ ಆಡಳಿತ ಸಮಿತಿಯನ್ನು ಚುನಾಯಿಸುತ್ತಾರೆ, ಮಹಾಸಭೆಯಲ್ಲಿ ಲೆಕ್ಕ ಕೇಳುತ್ತಾರೆ, ಕಟ್ಟಡ ಸೋರಿದರೆ ಚಾವಣಿಗೆ ಹಣ ಎತ್ತುತ್ತಾರೆ. ವಯನಾಡಿನಲ್ಲಿ ಜನ ಇದನ್ನು ‘ವಾಯನಶಾಲ’ ಎನ್ನುತ್ತಾರೆ. ಕರ್ನಾಟಕದ ಕೊಡಗು, ಮೈಸೂರು, ಚಾಮರಾಜನಗರ ಜಿಲ್ಲೆಗಳಿಗೆ ಬೆನ್ನು ತಾಗಿಸಿಕೊಂಡಿರುವ ಈ ಬೆಟ್ಟದ ಜಿಲ್ಲೆಯಲ್ಲಿ ಒಳ್ಳೆಯ ಗ್ರಂಥಾಲಯ ಬೇಕೆಂದು ಕೇಳುವ ಜನ ಮತ್ತು ಗುಹೆಯ ಕೆತ್ತನೆ, ಪಾಳುಬಿದ್ದ ಬಸದಿ, ವೀರಗಲ್ಲು ಉಳಿಯಬೇಕೆಂದು ಮನವಿ ಬರೆಯುವ ಜನ ಬೇರೆ ಬೇರೆಯಲ್ಲ. ಎರಡೂ ಮಾತು ಸಂಜೆ ಪತ್ರಿಕೆ ಓದುವ ಅದೇ ಬೆಂಚಿನ ಮೇಲೆ ಹುಟ್ಟುತ್ತವೆ.

ಈ ವ್ಯವಸ್ಥೆಯ ಬೇರು ದಕ್ಷಿಣ ಕೇರಳದ ಹಳೆಯ ಸಂಸ್ಥಾನ ತಿರುವಿತಾಂಕೂರಿನಲ್ಲಿದೆ. ನೀಲಂಪೇರೂರಿನ ಶಾಲಾ ಅಧ್ಯಾಪಕ ಪಿ.ಎನ್. ಪಣಿಕ್ಕರ್ (1909–1995) 1926ರಲ್ಲಿ ತಮ್ಮೂರಿನಲ್ಲಿ ಸನಾತನ ಧರ್ಮ ಗ್ರಂಥಾಲಯ ತೆರೆದರು. 1945ರಲ್ಲಿ ಅಂಬಲಪ್ಪುಳದಲ್ಲಿ 47 ಗ್ರಂಥಾಲಯಗಳ ಪ್ರತಿನಿಧಿಗಳನ್ನು ಒಂದೆಡೆ ಸೇರಿಸಿ ತಿರುವಿತಾಂಕೂರು ಗ್ರಂಥಶಾಲಾ ಸಂಘ ಕಟ್ಟಿದರು. ಕೇರಳ ರಾಜ್ಯ ರೂಪುಗೊಂಡ ಮೇಲೆ ಅದು ಕೇರಳ ಗ್ರಂಥಶಾಲಾ ಸಂಘವಾಯಿತು. 1975ರಲ್ಲಿ ಯುನೆಸ್ಕೋದ ಕ್ರುಪ್ಸ್ಕಾಯಾ ಪ್ರಶಸ್ತಿ ಇದಕ್ಕೆ ಬಂತು. ಪಣಿಕ್ಕರ್ ತೀರಿಕೊಂಡ ಜೂನ್ 19 ಕೇರಳದಲ್ಲಿ ಓದಿನ ದಿನ. ಅಂದು ಶಾಲೆಗಳೂ ಗ್ರಂಥಾಲಯಗಳೂ ಸೇರಿ ಒಂದು ವಾರದ ಕಾರ್ಯಕ್ರಮ ಆರಂಭಿಸುತ್ತವೆ.

ವಯನಾಡು ಮಾತ್ರ ತಿರುವಿತಾಂಕೂರಿನ ಭಾಗವಾಗಿರಲಿಲ್ಲ. ಅದು ಮದ್ರಾಸ್ ಪ್ರಾಂತ್ಯದ ಮಲಬಾರ್ ಜಿಲ್ಲೆಗೆ ಸೇರಿತ್ತು. ಮಲಬಾರಿನಲ್ಲಿ ರಾಷ್ಟ್ರೀಯ ಚಳವಳಿ, ರೈತ ಚಳವಳಿಗಳ ಜೊತೆಗೇ ವಾಚನಾಲಯಗಳು ಹುಟ್ಟಿಕೊಂಡವು. 1937ರಲ್ಲಿ ಅವುಗಳದೇ ಒಂದು ಸಂಘವಾಯಿತು. ಸ್ವತಂತ್ರ ಭಾರತದ ಮೊದಲ ಗ್ರಂಥಾಲಯ ಕಾಯ್ದೆಯಾದ 1948ರ ಮದ್ರಾಸ್ ಕಾಯ್ದೆಯ ವ್ಯಾಪ್ತಿಗೆ ಮಲಬಾರ್ ಕೂಡ ಬಂತು. ಅದೇ ದಶಕಗಳಲ್ಲಿ ತಿರುವಿತಾಂಕೂರಿನಿಂದ ಸಾವಿರಾರು ಕುಟುಂಬಗಳು ಜಮೀನು ಅರಸಿ ವಯನಾಡಿನ ಘಾಟಿ ಹತ್ತಿದವು. ಮಲೇರಿಯಾ, ಕಾಡುಪ್ರಾಣಿ, ಜಡಿಮಳೆ ಎಲ್ಲವನ್ನೂ ಎದುರಿಸಿದ ಆ ವಲಸಿಗರು ಕರಿಮೆಣಸು, ಶುಂಠಿಯ ತೋಟಗಳ ನಡುವೆ ಚರ್ಚು, ಶಾಲೆ, ವಾಯನಶಾಲೆಗಳನ್ನೂ ಕಟ್ಟಿಕೊಂಡರು. 1980ರ ನವೆಂಬರ್ 1ರಂದು ವಯನಾಡು ಪ್ರತ್ಯೇಕ ಜಿಲ್ಲೆಯಾಯಿತು. ಮಾನಂತವಾಡಿ, ಸುಲ್ತಾನ್ ಬತ್ತೇರಿ, ವೈತ್ತಿರಿ ಇದರ ಮೂರು ತಾಲ್ಲೂಕುಗಳು. ಜಿಲ್ಲಾ ಕೇಂದ್ರ ಕಲ್ಪೆಟ್ಟ.

ಇಂದಿನ ಗ್ರಂಥಾಲಯಗಳು ನಡೆಯುವುದು 1989ರ ಕೇರಳ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ. ತಾಲ್ಲೂಕು, ಜಿಲ್ಲೆ, ರಾಜ್ಯ ಎಂದು ಮೂರು ಹಂತದ ಲೈಬ್ರರಿ ಕೌನ್ಸಿಲ್‌ಗಳಿವೆ. ಮೂರಕ್ಕೂ ಚುನಾವಣೆ ನಡೆಯುತ್ತದೆ. ಕಟ್ಟಡ ತೆರಿಗೆಯ ಪ್ರತಿ ರೂಪಾಯಿಗೆ 5 ಪೈಸೆ ಗ್ರಂಥಾಲಯ ಕರ ಕೂಡುತ್ತದೆ. ಹೀಗೆ ಬಂದ ಹಣ ಊರಿಗೆ ಹಿಂತಿರುಗುವುದು ವಾರ್ಷಿಕ ಅನುದಾನದ ರೂಪದಲ್ಲಿ. ಎಷ್ಟು ಸಿಗಬೇಕೆಂದು ನಿರ್ಧರಿಸುವುದು ಶ್ರೇಣಿ. ವರ್ಷಕ್ಕೊಮ್ಮೆ ತಾಲ್ಲೂಕು ಕೌನ್ಸಿಲ್ ತಂಡ ಬಂದು ಪುಸ್ತಕಗಳ ದಾಸ್ತಾನು ವಹಿ, ಎರವಲು ವಹಿ, ಸಭೆಯ ನಡವಳಿ ಪುಸ್ತಕ, ಖರ್ಚಿನ ರಸೀದಿಗಳನ್ನು ಮೇಜಿನ ಮೇಲೆ ಹರಡಿಕೊಂಡು ಕೂರುತ್ತದೆ. ಎಷ್ಟು ಪುಸ್ತಕ ಇವೆ ಎನ್ನುವುದರ ಜೊತೆಗೆ ಎಷ್ಟು ಮನೆಗಳಿಗೆ ಹೋದವು, ಮಕ್ಕಳ ‘ಬಾಲವೇದಿ’, ಮಹಿಳೆಯರ ‘ವನಿತಾವೇದಿ’ ಏನು ನಡೆಸಿದವು, ಚರ್ಚಾಗೋಷ್ಠಿ ಎಷ್ಟಾದವು ಎನ್ನುವುದಕ್ಕೂ ಅಂಕವುಂಟು. ‘ಎ’ಯಿಂದ ‘ಎಫ್’ವರೆಗೆ ಶ್ರೇಣಿ, ಎಲ್ಲಕ್ಕೂ ಮೇಲೆ ‘ಎ ಪ್ಲಸ್’. ಶ್ರೇಣಿ ಇಳಿದರೆ ಅನುದಾನವೂ ಇಳಿಯುತ್ತದೆ, ಊರಿನ ಮರ್ಯಾದೆಯೂ ಇಳಿಯುತ್ತದೆ. ಹಾಗಾಗಿ ತಪಾಸಣೆಯ ವಾರ ಬಂತೆಂದರೆ ಕಾರ್ಯದರ್ಶಿಯ ಮನೆಯಲ್ಲಿ ದೀಪ ಆರುವುದು ತಡವಾಗಿಯೇ.

ಇಲ್ಲಿನ ಒಂದು ಪದ್ಧತಿ ಕನ್ನಡ ನಾಡಿನಲ್ಲೂ ಬರಬೇಕಾದದ್ದು. ಹಗಲಿಡೀ ಮನೆ, ತೋಟ, ಕೊಟ್ಟಿಗೆ ಎಂದು ದುಡಿಯುವ ಹೆಂಗಸರು ಸಂಜೆ ವಾಯನಶಾಲೆಗೆ ಬರಲಾರರು. ಬಂದರೂ ಗಂಡಸರೇ ತುಂಬಿದ ಬೆಂಚುಗಳ ನಡುವೆ ಕೂರಲು ಹಿಂಜರಿಯುತ್ತಾರೆ. ಅದಕ್ಕೆ ಪುಸ್ತಕಗಳೇ ಅವರ ಮನೆಗೆ ಹೋಗುತ್ತವೆ. ಆ ಕೆಲಸಕ್ಕೆ ನೇಮಕಗೊಂಡ ಗ್ರಂಥಪಾಲಕಿ ಹೆಗಲ ಚೀಲದಲ್ಲಿ ಕಾದಂಬರಿ, ಆತ್ಮಕಥೆ, ಮಕ್ಕಳ ಪುಸ್ತಕ ತುಂಬಿಕೊಂಡು ಮನೆಯಿಂದ ಮನೆಗೆ ನಡೆಯುತ್ತಾಳೆ. ಓದಿದ್ದನ್ನು ಹಿಂದಕ್ಕೆ ತೆಗೆದುಕೊಂಡು, ಮುಂದಿನ ಸಲಕ್ಕೆ ಏನು ಬೇಕೆಂದು ಬರೆದುಕೊಳ್ಳುತ್ತಾಳೆ. ವಯನಾಡಿನಂಥ ಏರಿಳಿತದ ಊರಿನಲ್ಲಿ ಒಂದು ಮನೆಯಿಂದ ಮತ್ತೊಂದಕ್ಕೆ ಹೋಗಲು ಒಂದು ತೊರೆ, ಒಂದು ದಿಬ್ಬ ದಾಟಬೇಕು. ಈ ಶ್ರಮಕ್ಕೆ ಸಿಗುವುದು ಸಂಬಳವಲ್ಲ, ಗೌರವಧನ. ಅದನ್ನು ಹೆಚ್ಚಿಸಬೇಕೆಂಬುದು ಇಡೀ ಕೇರಳದ ಗ್ರಂಥಪಾಲಕರ ಹಳೆಯ ಬೇಡಿಕೆ, ನ್ಯಾಯವಾದ ಬೇಡಿಕೆ.

ಕರ್ನಾಟಕದ ದಾರಿ ಬೇರೆ. ಅಲ್ಲಿ 1965ರ ಕಾಯ್ದೆಯ ಅನ್ವಯ ಗ್ರಂಥಾಲಯಗಳನ್ನು ಸರ್ಕಾರದ ಇಲಾಖೆಯೇ ನಡೆಸಿತು. 2019ರಲ್ಲಿ ಹಳ್ಳಿಯ ಗ್ರಂಥಾಲಯಗಳು ಪಂಚಾಯತ್ ರಾಜ್ ಇಲಾಖೆಗೆ ಹೋಗಿ, ಮುಂದೆ ‘ಅರಿವು ಕೇಂದ್ರ’ಗಳಾದವು. ಇಲಾಖೆಯ ಗ್ರಂಥಾಲಯಕ್ಕೆ ಕಟ್ಟಡ, ನೌಕರಿ, ಖರೀದಿಯ ಭದ್ರತೆ ಇದೆ. ಸಂಘದ ಗ್ರಂಥಾಲಯಕ್ಕೆ ಆ ಭದ್ರತೆ ಕಡಿಮೆ, ಜೊತೆಗೆ ಪಕ್ಷ ರಾಜಕೀಯದ ಕಾಟವೂ ಉಂಟು. ಆದರೆ ಬಾಗಿಲು ಮುಚ್ಚಿದ ದಿನ ಏಕೆ ಮುಚ್ಚಿತೆಂದು ಕೇಳುವ ಹಕ್ಕುಳ್ಳವರು ಊರಿನಲ್ಲೇ ಇರುತ್ತಾರೆ. ಆ ಹಕ್ಕಿನ ಬೆಲೆ ದೊಡ್ಡದು.

ಜಿಲ್ಲೆಯ ಗ್ರಂಥಾಲಯಗಳ ಹೆಸರುಗಳಲ್ಲೇ ಊರಿನ ಚರಿತ್ರೆ ಸಿಗುತ್ತದೆ. ಮಾನಂತವಾಡಿಯಲ್ಲಿ ಪಳಶ್ಶಿರಾಜಾ ಸ್ಮಾರಕ ಗ್ರಂಥಾಲಯವಿದೆ. ಕುರಿಚ್ಯ, ಕುರುಮ ಬಿಲ್ಲಾಳುಗಳ ಬಲದಿಂದ ಬ್ರಿಟಿಷರೊಡನೆ ಕಾದಾಡಿ 1805ರ ನವೆಂಬರ್ 30ರಂದು ಮಡಿದ ಪಳಶ್ಶಿರಾಜನ ಸಮಾಧಿಯೂ ಆ ಪಟ್ಟಣದಲ್ಲೇ. ಕಲ್ಪೆಟ್ಟದ ಪದ್ಮಪ್ರಭಾ ಗ್ರಂಥಾಲಯಕ್ಕೆ ಎಂ.ಕೆ. ಪದ್ಮಪ್ರಭಾ ಗೌಡರ್ ಹೆಸರಿದೆ. ಅವರು ವಯನಾಡಿನಲ್ಲಿ ತಲೆಮಾರುಗಳಿಂದ ನೆಲೆನಿಂತ ಜೈನ ಗೌಡ ಸಮುದಾಯದವರು. ಸಾಹಿತಿ, ಪತ್ರಿಕೋದ್ಯಮಿ, ರಾಜಕಾರಣಿ ಎಂ.ಪಿ. ವೀರೇಂದ್ರಕುಮಾರ್ (1936–2020) ಈ ಪದ್ಮಪ್ರಭಾ ಅವರ ಮಗ. ಮಲಯಾಳ ಸಾಹಿತ್ಯದ ಗಣ್ಯ ಪುರಸ್ಕಾರಗಳಲ್ಲೊಂದು ಪದ್ಮಪ್ರಭಾ ಅವರ ಹೆಸರಿನಲ್ಲೇ ಇದೆ. ಘಟ್ಟದ ಮೇಲಿಂದ ಹೋದ ಕುಟುಂಬಗಳು ಈ ನೆಲದ ಸಾರ್ವಜನಿಕ ಬದುಕಿನಲ್ಲಿ ಎಷ್ಟು ಆಳವಾಗಿ ಬೆರೆತವು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಪುಸ್ತಕದ ಕೆಲಸ ಊರಿನ ಪರಂಪರೆಯ ಕೆಲಸದೊಡನೆ ಕೂಡಿಕೊಳ್ಳಲು ದೊಡ್ಡ ಅವಕಾಶ ಬಂದದ್ದು 1996ರಲ್ಲಿ. ಆ ಆಗಸ್ಟ್‌ನಲ್ಲಿ ಆರಂಭವಾದ ಜನಕೀಯ ಯೋಜನೆ ರಾಜ್ಯದ ಯೋಜನಾ ವೆಚ್ಚದ ಮೂರನೇ ಒಂದರಷ್ಟು ಭಾಗವನ್ನು ಸ್ಥಳೀಯ ಸಂಸ್ಥೆಗಳಿಗೆ ಬಿಟ್ಟುಕೊಟ್ಟಿತು. ಹಣ ಖರ್ಚು ಮಾಡುವ ಮೊದಲು ಪ್ರತಿ ಪಂಚಾಯತಿಯೂ ತನ್ನ ಅಭಿವೃದ್ಧಿ ವರದಿ ಬರೆಯಬೇಕಿತ್ತು. ಅದರಲ್ಲಿ ಊರಿನ ಇತಿಹಾಸಕ್ಕೂ ಜಾಗವಿತ್ತು. ಅಧ್ಯಾಪಕರು, ನಿವೃತ್ತ ನೌಕರರು, ಗ್ರಂಥಾಲಯ ಕಾರ್ಯಕರ್ತರು ಹಿರಿಯರ ಬಳಿ ಕೂತು ಹಳೆಯ ದಾರಿ, ಕೆರೆ, ಸಂತೆ, ಗುಡಿ, ವಲಸೆಯ ಕಥೆಗಳನ್ನು ಬರೆದುಕೊಂಡರು. ಮುಂದೆ 2002ರ ಜೀವವೈವಿಧ್ಯ ಕಾಯ್ದೆಯಂತೆ ಸಿದ್ಧವಾದ ಜನತಾ ಜೀವವೈವಿಧ್ಯ ದಾಖಲೆಗಳು ಇದೇ ಕ್ರಮದಲ್ಲಿ ಭತ್ತದ ತಳಿ, ಕಾಡುಸೊಪ್ಪು, ಔಷಧಿ ಗಿಡಗಳನ್ನು ಪಟ್ಟಿ ಮಾಡಿದವು. ಐವತ್ತಕ್ಕೂ ಹೆಚ್ಚು ನಾಟಿ ಭತ್ತದ ತಳಿಗಳನ್ನು ತಮ್ಮ ಗದ್ದೆಯಲ್ಲೇ ಉಳಿಸಿಕೊಂಡ ಕುರಿಚ್ಯ ರೈತ ಚೆರುವಯಲ್ ರಾಮನ್ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ವಯನಾಡಿನವರು ಪರಂಪರೆ ಎಂದಾಗ ಕಲ್ಲಿನ ಜೊತೆ ಬಿತ್ತನೆ ಬೀಜವೂ ಸೇರುತ್ತದೆ.

ಕಲ್ಲಿನ ಪರಂಪರೆಯಲ್ಲಿ ಮೊದಲು ನಿಲ್ಲುವುದು ಎಡಕ್ಕಲ್. ಅಂಬುಕುತ್ತಿ ಬೆಟ್ಟದಲ್ಲಿ ಸಮುದ್ರಮಟ್ಟದಿಂದ ಸುಮಾರು 1,200 ಮೀಟರ್ ಎತ್ತರದಲ್ಲಿರುವ ಇದು ನಿಜಕ್ಕೂ ಗುಹೆಯಲ್ಲ, ಬಂಡೆಯ ಸೀಳು. ಎರಡು ಗೋಡೆಗಳ ನಡುವೆ ಮೇಲೆ ಸಿಕ್ಕಿಕೊಂಡ ದೊಡ್ಡ ಗುಂಡೇ ಅದರ ಚಾವಣಿ. ಮಲಬಾರಿನ ಪೊಲೀಸ್ ಅಧಿಕಾರಿ ಫ್ರೆಡ್ ಫಾಸೆಟ್ 1890ರ ದಶಕದಲ್ಲಿ ಇದನ್ನು ಕಂಡು 1901ರಲ್ಲಿ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಬರೆದರು. ತಲೆಯ ಮೇಲೆ ಕಿರೀಟದಂಥ ಅಲಂಕಾರ ಹೊತ್ತ ಮನುಷ್ಯಾಕೃತಿ, ಪ್ರಾಣಿಗಳು, ಚಕ್ರದಂಥ ಗುರುತುಗಳು ಆಳವಾದ ಗೀರುಗಳಲ್ಲಿ ಒಂದರ ಮೇಲೊಂದು ಹೆಣೆದುಕೊಂಡಿವೆ. ನವಶಿಲಾಯುಗದ ಈ ಕೆತ್ತನೆಗಳ ಪಕ್ಕದಲ್ಲಿ ತಮಿಳು ಬ್ರಾಹ್ಮಿ ಬರಹಗಳಿವೆ. ವಿಷ್ಣುವರ್ಮ ಎಂಬವನನ್ನು ಹೆಸರಿಸುವ ಸಂಸ್ಕೃತ ಬರಹವೂ ಇದೆ. ಬೆಟ್ಟದ ಸುತ್ತ ಕಲ್ಲುಗಣಿಗಳು ಹೆಚ್ಚಿದಾಗ ಸಿಡಿಮದ್ದಿನ ನಡುಕದಿಂದ ಈ ಸೀಳಿಗೆ ಅಪಾಯವೆಂದು ಸ್ಥಳೀಯರೂ ಪರಿಸರ ಕಾರ್ಯಕರ್ತರೂ ಪಟ್ಟುಹಿಡಿದು ಹೇಳಿದರು. ರಾಜ್ಯ ಪುರಾತತ್ವ ಇಲಾಖೆ ಎಡಕ್ಕಲ್ ಅನ್ನು ಸಂರಕ್ಷಿತ ಸ್ಮಾರಕವಾಗಿಸಿದ್ದರೂ ಸುತ್ತಲಿನ ಬೆಟ್ಟಕ್ಕೆ ಆ ರಕ್ಷಣೆ ಇರಲಿಲ್ಲ. ಜಿಲ್ಲಾಡಳಿತ ಕೊನೆಗೆ ಗಣಿಗಾರಿಕೆಗೆ ನಿರ್ಬಂಧ ಹೇರಿತು, ಒಳಹೋಗುವ ಪ್ರವಾಸಿಗರ ಸಂಖ್ಯೆಗೂ ಮಿತಿ ಬಂತು.

ಹತ್ತಿರದ ಅಂಬಲವಯಲ್‌ನಲ್ಲಿ ವಯನಾಡು ಪರಂಪರೆ ವಸ್ತುಸಂಗ್ರಹಾಲಯವಿದೆ. ತೋಟ ಅಗೆಯುವಾಗ, ರಸ್ತೆ ತೆಗೆಯುವಾಗ ಸಿಕ್ಕಿದ ಕಲ್ಲುಗಳು ಬೇಲಿಗೋ ಅಡಿಪಾಯಕ್ಕೋ ಹೋಗದಂತೆ ಒಂದೆಡೆ ಸೇರಿಸಿದ್ದೇ ಇಂಥ ಸಂಗ್ರಹದ ದೊಡ್ಡ ಉಪಕಾರ. ವೀರಸ್ಮೃತಿ, ದೇವಸ್ಮೃತಿ, ಗೋತ್ರಸ್ಮೃತಿ, ಜೀವನಸ್ಮೃತಿ ಎಂದು ನಾಲ್ಕು ವಿಭಾಗ. ವೀರಗಲ್ಲುಗಳ ಮುಂದೆ ನಿಂತ ಕನ್ನಡಿಗರಿಗೆ ಅವು ಪರಕೀಯವೆನಿಸುವುದಿಲ್ಲ. ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ದೇವರ ಸನ್ನಿಧಿ ಎನ್ನುವ ವೀರಗಲ್ಲಿನ ಕ್ರಮ ಮಲೆನಾಡಿನ ಯಾವ ಊರಿನವರಿಗೂ ಪರಿಚಿತ.

ಈ ಹೋಲಿಕೆ ಆಕಸ್ಮಿಕವಲ್ಲ. ಕನ್ನಡ ಶಾಸನಗಳ ‘ಬಯಲ್ನಾಡು’ ಇದೇ ಪ್ರದೇಶ; ಅದನ್ನು ಗೆದ್ದೆನೆಂದು ಹೊಯ್ಸಳ ವಿಷ್ಣುವರ್ಧನನ ಶಾಸನಗಳು ಹೇಳುತ್ತವೆ. ಸುಲ್ತಾನ್ ಬತ್ತೇರಿಗೆ ‘ಹನ್ನೆರಡು ಬೀದಿ’ ಎಂಬ ಹಳೆಯ ಹೆಸರಿತ್ತು. ಅಲ್ಲಿನ ಕಲ್ಲಿನ ಬಸದಿಯನ್ನು ಟಿಪ್ಪುವಿನ ಸೇನೆ ಮದ್ದುಗುಂಡಿನ ಉಗ್ರಾಣವಾಗಿಸಿಕೊಂಡಿತ್ತು. ಈಗ ಅದು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ. ಪನಮರಂ ಬಳಿ ಕಾಫಿ ತೋಟಗಳ ನಡುವೆ ಇರುವ ವಿಷ್ಣುಗುಡಿ, ಜನಾರ್ದನಗುಡಿಗಳ ಪಾಡು ಹೆಚ್ಚು ಕಷ್ಟದ್ದಾಗಿತ್ತು. ಕಂಬಗಳ ಮೇಲೆ ತುಂಬು ಕೆತ್ತನೆ, ಕನ್ನಡ ಬರಹ. ಸೂರಿನ ಮೇಲೆ ಬೇರು ಬಿಟ್ಟ ಗಿಡಗಳು, ವಾಲಿದ ಗೋಡೆಗಳು. ಊರಿನವರೂ ಇತಿಹಾಸಾಸಕ್ತರೂ ವರ್ಷಗಟ್ಟಲೆ ಬರೆದು, ಕೇಳಿ, ಪತ್ರಿಕೆಗಳ ಗಮನ ಸೆಳೆದ ಮೇಲೆ ಕಳೆದ ದಶಕದಲ್ಲಿ ಇವು ರಾಷ್ಟ್ರೀಯ ಮಹತ್ವದ ಸ್ಮಾರಕಗಳ ಪಟ್ಟಿಗೆ ಸೇರಿದವು. ಇವುಗಳ ಬರಹ ಓದಲು ಕನ್ನಡ ಲಿಪಿ ಬಲ್ಲವರು ಬೇಕು. ಮೈಸೂರಿನ ವಿದ್ವಾಂಸರಿಗೆ ಇದು ಅರ್ಧ ದಿನದ ದಾರಿ.

ಈ ಚಿತ್ರದಲ್ಲಿ ದೊಡ್ಡದೊಂದು ಕೊರತೆಯಿದೆ. 2011ರ ಜನಗಣತಿಯಂತೆ ವಯನಾಡಿನ 8,17,420 ಜನರಲ್ಲಿ 1,51,443 ಮಂದಿ ಪರಿಶಿಷ್ಟ ಪಂಗಡದವರು. ಅಂದರೆ ಶೇ 18.5. ಜನಸಂಖ್ಯೆಯ ಪಾಲಿನಲ್ಲಿ ಕೇರಳದ ಬೇರಾವ ಜಿಲ್ಲೆಯೂ ಇದರ ಸಮೀಪಕ್ಕೆ ಬರುವುದಿಲ್ಲ. ಪಣಿಯ, ಅಡಿಯ, ಕಾಟುನಾಯ್ಕ, ಬೆಟ್ಟ ಕುರುಮ, ಮುಳ್ಳು ಕುರುಮ, ಕುರಿಚ್ಯ ಸಮುದಾಯಗಳು ಈ ನೆಲದ ಮೊದಲ ಒಕ್ಕಲು. ಕೊಡಗಿನ ಎರವರೂ ಇಲ್ಲಿನ ಅಡಿಯರೂ ಬಂಧುಗಳು. ಕಾಟುನಾಯ್ಕರ, ಬೆಟ್ಟ ಕುರುಮರ ಮಾತು ಕನ್ನಡಕ್ಕೆ ತೀರಾ ಹತ್ತಿರ. ಆದರೆ ವಾಯನಶಾಲೆಯ ಸಮಿತಿಗಳಲ್ಲಿ ಅವರು ವಿರಳ, ಕಪಾಟಿನಲ್ಲಿ ಅವರ ನುಡಿಯ ಪುಸ್ತಕ ಇನ್ನೂ ವಿರಳ. ಕೆ.ಜೆ. ಬೇಬಿ ಅಡಿಯರ ಬದುಕನ್ನು ‘ನಾಡುಗದ್ದಿಗ’ ನಾಟಕವಾಗಿಸಿದರು, ನಡವಯಲ್‌ನಲ್ಲಿ ‘ಕನವು’ ಎಂಬ ಶಾಲೆ ನಡೆಸಿ ಆದಿವಾಸಿ ಮಕ್ಕಳಿಗೆ ಅವರದೇ ಹಾಡು, ಕುಣಿತ, ಕೈಕಸುಬಿನ ಮೂಲಕ ಪಾಠ ಹೇಳಿದರು. 2017ರಲ್ಲಿ ಸರ್ಕಾರದ ‘ಗೋತ್ರಬಂಧು’ ಯೋಜನೆ ವಯನಾಡಿನ ಪ್ರಾಥಮಿಕ ಶಾಲೆಗಳಿಗೆ ಆದಿವಾಸಿ ಸಮುದಾಯಗಳ ಯುವಜನರನ್ನೇ ಮಾರ್ಗದರ್ಶಿ ಅಧ್ಯಾಪಕರಾಗಿ ತಂದಿತು. ಶಾಲೆಯಲ್ಲಿ ಸಾಧ್ಯವಾದದ್ದು ಗ್ರಂಥಾಲಯದಲ್ಲೂ ಆಗಬೇಕು: ಆದಿವಾಸಿ ಹಾಡಿಯ ಒಳಗೇ ಪುಸ್ತಕ, ಹಾಡಿಯವರದೇ ಸಮಿತಿ, ಅವರ ಹಾಡುಕಥೆಗಳ ಧ್ವನಿಮುದ್ರಣ.

ಕರ್ನಾಟಕದಿಂದ ವಯನಾಡಿಗೆ ಎರಡು ಮುಖ್ಯ ದಾರಿಗಳಿವೆ. ಮೈಸೂರಿನಿಂದ ಗುಂಡ್ಲುಪೇಟೆ ಮೂಲಕ ರಾಷ್ಟ್ರೀಯ ಹೆದ್ದಾರಿ 766 ಸುಲ್ತಾನ್ ಬತ್ತೇರಿಗೆ ಒಯ್ಯುತ್ತದೆ. ಬಂಡೀಪುರದೊಳಗೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರವಿಲ್ಲ. ಎಚ್.ಡಿ. ಕೋಟೆ, ಬಾವಲಿ ಮೂಲಕ ಹೋದರೆ ಮಾನಂತವಾಡಿ. ಬತ್ತೇರಿಯ ಬಸದಿ, ಅಂಬಲವಯಲ್‌ನ ಸಂಗ್ರಹಾಲಯ, ಎಡಕ್ಕಲ್ ಮೂರನ್ನೂ ಒಂದೇ ದಿನ ನೋಡಬಹುದು. ಎಡಕ್ಕಲ್‌ಗೆ ಸೋಮವಾರ ರಜೆ. ವಾಯನಶಾಲೆಗಳು ಹೆಚ್ಚಾಗಿ ಸಂಜೆಯ ಹೊತ್ತು ತೆರೆದಿರುತ್ತವೆ. ಪತ್ರಿಕೆ ಓದಲು ಹೊರಗಿನವರಿಗೂ ಅಡ್ಡಿಯಿಲ್ಲ.