ಬೈಕಿನ ಎಂಜಿನ್ನಿನಿಂದ ಸಣ್ಣ ಟ್ರ್ಯಾಕ್ಟರ್: ಮಾಡಿಸುವ ಮುನ್ನ ತಿಳಿಯಬೇಕಾದ ಸಂಗತಿಗಳು



ಹೈನುಗಾರಿಕೆಯಲ್ಲಿ ಖರ್ಚಿನ ಬಹುಪಾಲು ಮೇವು ಮತ್ತು ಪಶು ಆಹಾರಕ್ಕೇ ಹೋಗುತ್ತದೆ. ಹಸಿರು ಮೇವನ್ನು ಸ್ವಂತ ಹೊಲದಲ್ಲಿ ಬೆಳೆದವರಿಗೆ ಈ ಖರ್ಚು ಕಡಿಮೆ. ಆದರೆ ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ತಾಲ್ಲೂಕುಗಳ ಸಣ್ಣ ಹಿಡುವಳಿದಾರರಿಗೆ ಒಂದು ತೊಡಕಿದೆ. ಎತ್ತಿನ ಜೋಡಿ ಸಾಕುವುದು ದುಬಾರಿ. ಹೊಲ ಹದಕ್ಕೆ ಬಂದ ಹೊತ್ತಿಗೆ ಬಾಡಿಗೆ ಟ್ರ್ಯಾಕ್ಟರ್ ಸಿಗುವುದಿಲ್ಲ. ಸಿಕ್ಕರೂ ಅರ್ಧ ಎಕರೆ ಮೇವಿನ ತಾಕಿನಲ್ಲಿ ಅದಕ್ಕೆ ತಿರುಗಲು ಜಾಗ ಸಾಲದು. ಹೀಗಾಗಿ ಮೂಲೆಯಲ್ಲಿ ನಿಂತ ಹಳೆಯ ಬೈಕಿನ ಎಂಜಿನ್ ಬಳಸಿ ಒಂದು ಸಣ್ಣ ಟ್ರ್ಯಾಕ್ಟರ್ ಮಾಡಿಸಿದರೆ ಹೇಗೆ ಎಂಬ ಯೋಚನೆ ಹಲವರಿಗೆ ಬರುತ್ತದೆ. ಇದು ಆಗುವ ಕೆಲಸವೇ. ಆದರೆ ಅಂಥ ಯಂತ್ರದ ಶಕ್ತಿ ಒಂದು ಜೋಡಿ ಎತ್ತಿನಷ್ಟು ಮಾತ್ರ ಎಂಬುದನ್ನು ಮೊದಲೇ ಅರಿತು ಮಾಡಿಸಿದರೆ ಲಾಭ, ದೊಡ್ಡ ಟ್ರ್ಯಾಕ್ಟರಿನ ಕೆಲಸ ಬಯಸಿ ಮಾಡಿಸಿದರೆ ನಷ್ಟ.

ಗುಜರಾತಿನ ಉದಾಹರಣೆ

ಈ ದಾರಿಯಲ್ಲಿ ಹೆಸರಾದವರು ಗುಜರಾತ್ ರಾಜ್ಯದ ಅಮ್ರೇಲಿ ಜಿಲ್ಲೆಯ ರೈತ ಮನ್ಸುಖ್‌ಭಾಯಿ ಜಗಾನಿ. ಅಮ್ರೇಲಿ ಇರುವ ಸೌರಾಷ್ಟ್ರವೂ ನಮ್ಮ ಭಾಗದಂತೆ ಬರ ಕಂಡ ನಾಡು. ಎತ್ತು ಮತ್ತು ಆಳು ಎರಡೂ ಸಿಗದೆ ಅಲ್ಲಿ ಬೇಸಾಯ ಕಷ್ಟವಾದಾಗ, 1994ರಲ್ಲಿ ಅವರು ಎನ್‌ಫೀಲ್ಡ್ ಬುಲೆಟ್ ಬೈಕಿನ ಹಿಂದಿನ ಗಾಲಿ ತೆಗೆದು ಅಲ್ಲಿ ಎರಡು ಗಾಲಿಗಳ ಅಚ್ಚನ್ನೂ ಸಲಕರಣೆ ಕಟ್ಟುವ ಪಟ್ಟಿಯನ್ನೂ ಜೋಡಿಸಿದರು. ಇದಕ್ಕೆ 'ಬುಲೆಟ್ ಸಾಂತಿ' ಎಂದು ಹೆಸರಾಯಿತು. ಬಿತ್ತನೆ, ಎಡೆ ಹೊಡೆಯುವುದು, ಔಷಧಿ ಸಿಂಪಡಿಸುವುದು ಈ ಒಂದೇ ಯಂತ್ರದಿಂದ ಆಗುತ್ತಿತ್ತು. ರಾಷ್ಟ್ರೀಯ ನಾವೀನ್ಯತಾ ಪ್ರತಿಷ್ಠಾನ ಇದನ್ನು ಗುರುತಿಸಿ ಗೌರವಿಸಿತು. ಭಾರತದಲ್ಲೂ ಅಮೆರಿಕದಲ್ಲೂ ಇದಕ್ಕೆ ಪೇಟೆಂಟ್ ದೊರೆಯಿತು. ಅವರು ಆರಿಸಿಕೊಂಡ ಕೆಲಸಗಳನ್ನು ಗಮನಿಸಿ: ಎಲ್ಲವೂ ಹಗುರ ಕೆಲಸಗಳೇ, ಎತ್ತಿನ ಜೋಡಿ ಮಾಡುವಂಥವೇ.

ಶಕ್ತಿ ಎಷ್ಟು?

ಸಾಮಾನ್ಯ 100 ಸಿಸಿ ಬೈಕಿಗೆ ಸುಮಾರು ಏಳೂವರೆ ಅಶ್ವಶಕ್ತಿ ಇದೆ ಎನ್ನುತ್ತಾರೆ. ಆದರೆ ಅದು ಎಂಜಿನ್ ನಿಮಿಷಕ್ಕೆ 8000 ಸುತ್ತು ತಿರುಗಿದಾಗ ಸಿಗುವ ಶಕ್ತಿ. ಹೊಲದಲ್ಲಿ ಗಂಟೆಗಟ್ಟಲೆ ಹಾಗೆ ಓಡಿಸಿದರೆ ಎಂಜಿನ್ ಉಳಿಯದು. 4500 ಸುತ್ತಿನ ಆಸುಪಾಸಿನಲ್ಲಿ ಓಡಿಸಿದರೆ ಐದು ಅಶ್ವಶಕ್ತಿಯಷ್ಟು ಸಿಗುತ್ತದೆ.

ನಿಜವಾದ ಮಿತಿ ಇರುವುದು ಎಂಜಿನ್ನಿನಲ್ಲಲ್ಲ, ತೂಕದಲ್ಲಿ. ಗಾಲಿ ನೆಲವನ್ನು ಹಿಡಿದರೆ ಮಾತ್ರ ಯಂತ್ರ ಎಳೆಯುತ್ತದೆ. ಯಂತ್ರ ಮತ್ತು ಚಾಲಕ ಸೇರಿ 260 ಕಿಲೋ ಇದ್ದು, ಅದರಲ್ಲಿ 170 ಕಿಲೋ ಹಿಂದಿನ ಗಾಲಿಗಳ ಮೇಲೆ ಬಿದ್ದರೆ, ಮಣ್ಣಿನಲ್ಲಿ ಸಿಗುವ ಎಳೆತ 70-75 ಕಿಲೋ ಮಾತ್ರ. ಎತ್ತುಗಳು ದಿನವಿಡೀ ದುಡಿಯುವಾಗ ತಮ್ಮ ತೂಕದ ಹತ್ತನೇ ಒಂದು ಪಾಲಿನಷ್ಟು ಎಳೆಯುತ್ತವೆ. 700-800 ಕಿಲೋ ತೂಗುವ ಜೋಡಿಯ ಎಳೆತ 70-80 ಕಿಲೋ. ಅಂದರೆ ಎರಡೂ ಹೆಚ್ಚುಕಡಿಮೆ ಸಮ. ಎರೆ ಭೂಮಿಯಲ್ಲಿ ಆಳವಾಗಿ ಉಳುವುದು, ಕರ್ಕಿ ಕೀಳುವುದು ಇದರಿಂದ ಆಗದು. ಅದಕ್ಕೆ ದೊಡ್ಡ ಟ್ರ್ಯಾಕ್ಟರೇ ಬೇಕು.

ವೇಗ ಇಳಿಸುವುದು

ಎಡೆ ಹೊಡೆಯಲು ಗಂಟೆಗೆ ಮೂರು ಕಿಲೋಮೀಟರ್ ವೇಗ ಸಾಕು. ಆದರೆ 100 ಸಿಸಿ ಬೈಕು ಮೊದಲನೇ ಗೇರಿನಲ್ಲಿ, ಎಂಜಿನ್ 4500 ಸುತ್ತಿನಲ್ಲಿರುವಾಗ, ಗಂಟೆಗೆ 13 ಕಿಲೋಮೀಟರಿಗೂ ಮಿಕ್ಕಿ ಓಡುತ್ತದೆ. ಹಾಗೆಯೇ ಕುಂಟೆ ಕಟ್ಟಿದರೆ ವೇಗ ಇಳಿಸಲು ಚಾಲಕ ಕ್ಲಚ್ ಅರ್ಧ ಹಿಡಿದೇ ಓಡಿಸಬೇಕಾಗುತ್ತದೆ. ಕ್ಲಚ್ ಪ್ಲೇಟು ಬೇಗನೆ ಸುಟ್ಟು ಹೋಗುತ್ತದೆ. ಆದ್ದರಿಂದ ವೇಗವನ್ನು ಇನ್ನೂ ನಾಲ್ಕರಿಂದ ಐದು ಪಟ್ಟು ಇಳಿಸಲೇಬೇಕು.

ಇದಕ್ಕೆ ಸುಲಭ ಉಪಾಯವೆಂದರೆ ಗುಜರಿಯಲ್ಲಿ ಸಿಗುವ ಹಳೆಯ ಕಾರು ಅಥವಾ ಜೀಪಿನ ಹಿಂದಿನ ಅಚ್ಚು. ಅದರ ಕ್ರೌನ್ ಪಿನಿಯನ್ ವೇಗವನ್ನು ಸುಮಾರು ನಾಲ್ಕೂವರೆ ಪಟ್ಟು ಇಳಿಸುತ್ತದೆ. ಬೈಕಿನ ಗೇರ್ ಪೆಟ್ಟಿಗೆ ಮತ್ತು ಚೈನನ್ನು ಹಾಗೇ ಉಳಿಸಿಕೊಂಡು, ದೊಡ್ಡ ಚೈನ್ ಚಕ್ರವನ್ನು ಪಿನಿಯನ್ ಶಾಫ್ಟಿಗೆ ಕೂರಿಸಿದರೆ ಲೆಕ್ಕ ಸರಿಹೊಂದುತ್ತದೆ. ಗಾಲಿ ದೊಡ್ಡದಾದರೆ ವೇಗ ಸ್ವಲ್ಪ ಹೆಚ್ಚುತ್ತದೆ ಎಂಬುದು ನೆನಪಿರಲಿ. ಇನ್ನೊಂದು ಬೈಕ್ ಚೈನನ್ನೇ ಹಾಕಿ ವೇಗ ಇಳಿಸಿದರೆ ಆ ಎರಡನೇ ಚೈನಿನ ಮೇಲೆ ಮೂರು ಪಟ್ಟು ಎಳೆತ ಬಿದ್ದು ಅದು ಪದೇ ಪದೇ ತುಂಡಾಗುತ್ತದೆ.

ಪಿನಿಯನ್ ಶಾಫ್ಟ್ ಗಾಡಿಯ ಉದ್ದಕ್ಕೆ ಇರುವುದರಿಂದ ಎಂಜಿನ್ನನ್ನು ಅಡ್ಡ ತಿರುಗಿಸಿ ಕೂರಿಸಬೇಕು. ವೆಲ್ಡಿಂಗ್ ಮಾಡುವ ಮೊದಲು ಗಾಲಿ ಯಾವ ದಿಕ್ಕಿಗೆ ತಿರುಗುತ್ತದೆಂದು ನೋಡಿ. ಹಿಂದಕ್ಕೆ ತಿರುಗಿದರೆ ಎಂಜಿನ್ನಿನ ಮುಖವನ್ನು ಇನ್ನೊಂದು ಬದಿಗೆ ತಿರುಗಿಸಿದರಾಯಿತು.

ಬೈಕಿನ ಎಂಜಿನ್ನಿಗೆ ರಿವರ್ಸ್ ಗೇರ್ ಇಲ್ಲ. ಬದುವಿನ ಮೂಲೆಯಲ್ಲಿ ಸಿಕ್ಕಿಕೊಂಡರೆ ಇಳಿದು ನೂಕಬೇಕು. ಆಟೋರಿಕ್ಷಾದ ಎಂಜಿನ್ ಸಿಕ್ಕಿದರೆ ಈ ತೊಂದರೆಯಿಲ್ಲ. ಅದರಲ್ಲಿ ರಿವರ್ಸ್ ಗೇರೂ ಇದೆ, ತಂಪು ಮಾಡುವ ಫ್ಯಾನೂ ಇದೆ.

ಎಂಜಿನ್ ಬಿಸಿಯಾಗದಂತೆ

ಬೈಕಿನ ಎಂಜಿನ್ ತಂಪಾಗುವುದು ಓಡುವಾಗ ಬೀಸುವ ಗಾಳಿಯಿಂದ. ಮೂರು ಕಿಲೋಮೀಟರ್ ವೇಗದಲ್ಲಿ ಆ ಗಾಳಿ ಇರುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಏಪ್ರಿಲ್-ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುತ್ತದೆ. ಫ್ಯಾನ್ ಇಲ್ಲದೆ ದುಡಿಸಿದರೆ ಪಿಸ್ಟನ್ ಹಿಡಿದುಕೊಳ್ಳುವುದು ಖಚಿತ. ಫ್ಯಾನ್ ಹಾಕಿಸಿ, ಗಾಳಿ ಪಕ್ಕಕ್ಕೆ ಹೋಗದೆ ಸಿಲಿಂಡರಿನ ರೆಕ್ಕೆಗಳ ಮೇಲೆಯೇ ಹಾಯುವಂತೆ ಸುತ್ತ ತಗಡಿನ ಹೊದಿಕೆ ಕೊಡಿಸಿ. ರೆಕ್ಕೆಗಳ ನಡುವೆ ಮಣ್ಣು, ಕಸ ಕೂರದಂತೆ ದಿನವೂ ಸ್ವಚ್ಛಗೊಳಿಸಿ.

ಇಲ್ಲಿ ಆಯಿಲ್ ಬದಲಾಯಿಸಲು ಕಿಲೋಮೀಟರ್ ಲೆಕ್ಕ ಬರುವುದಿಲ್ಲ. ದುಡಿದ ಗಂಟೆಗಳನ್ನು ಪುಸ್ತಕದಲ್ಲಿ ಬರೆದಿಟ್ಟು, 30-40 ಗಂಟೆಗೊಮ್ಮೆ ಬದಲಾಯಿಸುವುದು ಕ್ಷೇಮ. ಹೊಲದ ದೂಳು ಹೆಚ್ಚಾದ್ದರಿಂದ ಏರ್ ಫಿಲ್ಟರನ್ನೂ ಆಗಾಗ ನೋಡಬೇಕು.

ನಮ್ಮ ಹೊಲಗಳಲ್ಲಿ ಎಲ್ಲಿ ಉಪಯೋಗ?

1. ಹೈಬ್ರಿಡ್ ನೇಪಿಯರ್ ಮೇವಿನ ತಾಕು: ಇದು ಬಹಳ ಅನುಕೂಲ. ಸಾಲಿನಿಂದ ಸಾಲಿಗೆ ಮೂರು ಅಡಿ ಬಿಟ್ಟು ನಾಟಿ ಮಾಡಿದರೆ, ಪ್ರತಿ ಕಟಾವಿನ ನಂತರ ಬುಡಗಳು ಗಿಡ್ಡವಾಗಿರುವಾಗ ಎಡೆ ಹೊಡೆದು ಗೊಬ್ಬರ ಕೊಡಬಹುದು.

2. ಲಿಂಗಸುಗೂರು, ಮಸ್ಕಿ ಕಡೆಯ ಮಳೆಯಾಶ್ರಿತ ತೊಗರಿ, ಹತ್ತಿ, ಸೂರ್ಯಕಾಂತಿ: ಬೆಳೆ ಒಂದು ಅಡಿ ಎತ್ತರವಾಗುವವರೆಗೆ ಎಡೆ ಹೊಡೆಯಬಹುದು. ಎರಡು ಹಿಂಗಾಲಿಗಳ ನಡುವಿನ ಅಂತರ ನಿಮ್ಮ ಸಾಲಿನ ಅಂತರಕ್ಕೆ ಹೊಂದಬೇಕು. ಕಾರಿನ ಅಚ್ಚು ಅಗಲವಾದರೆ ಲೇತ್ ಅಂಗಡಿಯಲ್ಲಿ ಕಿರಿದು ಮಾಡಿಸಬೇಕಾಗುತ್ತದೆ. ಮಸಾರಿ ಭೂಮಿಯಲ್ಲಿ ಕೆಲಸ ಸಲೀಸು. ಎರೆ ಭೂಮಿ ಹಸಿಯಿದ್ದರೆ ಮಣ್ಣು ಗಾಲಿಗೆ ಮೆತ್ತಿಕೊಳ್ಳುತ್ತದೆ. ಹದ ಬರುವವರೆಗೆ ಕಾಯಬೇಕು.

3. ಸಿಂಧನೂರು ಭಾಗದ ಭತ್ತದ ಗದ್ದೆ: ಕೆಸರು ಮಾಡಲು ಇದನ್ನು ಇಳಿಸಬೇಡಿ. ಆ ಕೆಲಸ ಪವರ್ ಟಿಲ್ಲರಿನದು.

4. ಹೊಲದೊಳಗೆ ಮೇವು, ತಿಪ್ಪೆ ಗೊಬ್ಬರ ಸಾಗಿಸಲು: ಹೆಣ್ಣುಮಕ್ಕಳ ತಲೆಹೊರೆ ಇಳಿಯುವುದು ಇದರ ದೊಡ್ಡ ಉಪಕಾರ. ಆದರೆ ಗಾಡಿಯ ಹೇರು ಯಂತ್ರದ ತೂಕವನ್ನು ಮೀರಬಾರದು. ಮೀರಿದರೆ ಇಳಿಜಾರಿನಲ್ಲಿ ಗಾಡಿಯೇ ಯಂತ್ರವನ್ನು ನೂಕುತ್ತದೆ.

ಜೀವಕ್ಕೆ ಅಪಾಯವಾಗದಂತೆ

• ಕುಂಟೆ ಅಥವಾ ಗಾಡಿಯ ಕೊಂಡಿ ಹಿಂದಿನ ಅಚ್ಚಿಗಿಂತ ಕೆಳಗೇ ಇರಬೇಕು. ಮೇಲಿದ್ದರೆ, ಕುಂಟೆ ಬೇರಿಗೋ ಕಲ್ಲಿಗೋ ಸಿಕ್ಕಿದಾಗ ಮುಂಭಾಗ ಎದ್ದು ಯಂತ್ರ ಚಾಲಕನ ಮೇಲೆಯೇ ಮಗುಚುತ್ತದೆ.

• ಮೂರು ಗಾಲಿಗಿಂತ ನಾಲ್ಕು ಗಾಲಿ ಕ್ಷೇಮ. ಬದು ಹತ್ತಿಸುವಾಗ ಓರೆಯಾಗಿ ಹತ್ತಿಸಬೇಡಿ.

• ಬೈಕಿನ ಹಿಂದಿನ ಗಾಲಿ ತೆಗೆದಾಗ ಅದರ ಬ್ರೇಕೂ ಹೋಗುತ್ತದೆ. ಕಾರಿನ ಅಚ್ಚಿನ ಬ್ರೇಕನ್ನು ತಪ್ಪದೆ ಜೋಡಿಸಿ.

• ಚೈನು ಮತ್ತು ಚಕ್ರಗಳಿಗೆ ಪೂರ್ತಿ ತಗಡಿನ ಮುಚ್ಚಳ ಬೇಕು. ಸೀರೆಯ ಸೆರಗು, ಪಂಚೆ, ಟವೆಲ್ ಸಿಕ್ಕಿಕೊಳ್ಳಲು ಒಂದು ಕ್ಷಣ ಸಾಕು. ಮೇವು ಕತ್ತರಿಸುವ ಯಂತ್ರಕ್ಕೆ ಬೆಲ್ಟ್ ಹಾಕುವವರಿಗೂ ಇದೇ ಮಾತು.

• ಕೊಟ್ಟಿಗೆಯೊಳಗೆ ಎಂಜಿನ್ ಚಾಲು ಮಾಡಬೇಡಿ. ಅದರ ಹೊಗೆ ಜನಕ್ಕೂ ದನಕ್ಕೂ ವಿಷ.

• ಮಕ್ಕಳನ್ನು ಕೂರಿಸಿಕೊಳ್ಳಬೇಡಿ. ಎಂಜಿನ್ ಬಂದ್ ಮಾಡುವ ಸ್ವಿಚ್ ಕೈಗೆ ಸಿಗುವಂತಿರಲಿ.

ಕಾನೂನು ಏನು ಹೇಳುತ್ತದೆ?

ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಮಿನ ಪ್ರಕಾರ ನೋಂದಣಿಯಾದ ವಾಹನದ ಮೂಲ ಸ್ವರೂಪವನ್ನು ಮನಬಂದಂತೆ ಬದಲಾಯಿಸುವಂತಿಲ್ಲ. ಆದ್ದರಿಂದ ಇಂಥ ಯಂತ್ರವನ್ನು ರಸ್ತೆಗೆ ತರಬಾರದು. ಸಂಘಕ್ಕೆ ಹಾಲು ಒಯ್ಯಲು, ಸಂತೆಗೆ ಹೋಗಲು ಇದು ಸಲ್ಲದು. ಅಪಘಾತವಾದರೆ ವಿಮೆಯ ಆಸರೆ ಇರುವುದಿಲ್ಲ. ಬೈಕನ್ನು ಬಿಚ್ಚಿ ಹಾಕಿದರೆ ಆ ಸಂಗತಿಯನ್ನು ನೋಂದಣಿ ಮಾಡಿದ ಆರ್‌ಟಿಒ ಕಚೇರಿಗೆ 14 ದಿನಗಳೊಳಗೆ ತಿಳಿಸಬೇಕು. ಸಾಲ ತೀರದ ಬೈಕನ್ನು ಮುಟ್ಟಬೇಡಿ. ಗುಜರಿಯಿಂದ ಎಂಜಿನ್ ಕೊಳ್ಳುವವರು ಕಾಗದಪತ್ರ ಮತ್ತು ಎಂಜಿನ್ ನಂಬರು ತಾಳೆ ನೋಡಿಯೇ ಕೊಳ್ಳಬೇಕು. ಕಳವಿನ ಮಾಲಾದರೆ ಕೊಂಡವರಿಗೇ ತೊಂದರೆ.

ಲೆಕ್ಕ ಹಾಕಿ ನೋಡಿ

ಮೂರು ಅಡಿ ಅಗಲದ ಕುಂಟೆ, ಮೂರು ಕಿಲೋಮೀಟರ್ ವೇಗ, ತಿರುವಿನಲ್ಲಿ ಹೋಗುವ ಸಮಯ ಎಲ್ಲ ಸೇರಿದರೆ ಒಂದು ಎಕರೆಗೆ ಸುಮಾರು ಎರಡು ಗಂಟೆ, ಎರಡು ಲೀಟರ್ ಪೆಟ್ರೋಲ್ ಬೇಕು. ಇದಕ್ಕೆ ಆಯಿಲ್, ಚೈನು, ರಿಪೇರಿ ಖರ್ಚು ಸೇರಿಸಿ.

ಇನ್ನೊಂದು ಕಡೆ, ಒಂದು ಜೋಡಿ ಎತ್ತು ದಿನಕ್ಕೆ 16ರಿಂದ 20 ಕಿಲೋ ಒಣ ಪದಾರ್ಥದಷ್ಟು ಮೇವು ತಿನ್ನುತ್ತದೆ. ಅಷ್ಟರಲ್ಲಿ ಸುಮಾರು ಒಂದೂವರೆ ಕರೆಯುವ ಹಸುವಿನ ಹೊಟ್ಟೆ ತುಂಬುತ್ತದೆ. ಕೆಲಸವಿರಲಿ ಬಿಡಲಿ, ಎತ್ತಿಗೆ ಮೇವು ಹಾಕಲೇಬೇಕು. ಹಾಗೆಂದು ಎತ್ತಿನಿಂದ ಬರುವುದನ್ನು ಮರೆಯಬಾರದು. ಸಗಣಿ ಗೊಬ್ಬರ, ಬಾಡಿಗೆ ದುಡಿಮೆ, ಹಸಿ ನೆಲದಲ್ಲೂ ನಡೆಯುವ ಕಾಲು, ಇವು ಯಂತ್ರದಿಂದ ಸಿಗುವುದಿಲ್ಲ. ಆದ್ದರಿಂದ ಯಂತ್ರ ಬಂದ ಮರುದಿನವೇ ಎತ್ತು ಮಾರಬೇಡಿ. ಒಂದು ಮುಂಗಾರು, ಒಂದು ಹಿಂಗಾರು ಓಡಿಸಿ, ಖರ್ಚು ಬರೆದಿಟ್ಟು, ಆಮೇಲೆ ತೀರ್ಮಾನಿಸಿ. ಒಮ್ಮೆ ಮಾರಿದ ಪಳಗಿದ ಜೋಡಿ ಮತ್ತೆ ಅದೇ ಬೆಲೆಗೆ ಸಿಗುವುದು ಕಷ್ಟ.

ಕೊನೆಯದಾಗಿ

ಮಾಡಿಸುವ ಮೊದಲು ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಪವರ್ ಟಿಲ್ಲರ್ ಮತ್ತು ಕಳೆ ತೆಗೆಯುವ ಯಂತ್ರಗಳ ಸಹಾಯಧನದ ಬಗ್ಗೆ ವಿಚಾರಿಸಿ. ಸಹಾಯಧನ ಕಳೆದ ಮೇಲೆ ಕಂಪನಿಯ ಯಂತ್ರವೇ ಅಗ್ಗವಾಗಿ ಬೀಳಬಹುದು. ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಕೃಷಿ ಎಂಜಿನಿಯರಿಂಗ್ ಮಹಾವಿದ್ಯಾಲಯವಿದೆ. ಅಲ್ಲಿನ ತಜ್ಞರ ಸಲಹೆಯನ್ನೂ ಕೇಳಬಹುದು. ಒಬ್ಬರಿಗೆ ಹೊರೆಯೆನಿಸಿದರೆ ಸಂಘದ ನಾಲ್ಕೈದು ಸದಸ್ಯರು ಕೂಡಿ ಒಂದು ಯಂತ್ರ ಮಾಡಿಸಿಕೊಂಡು, ಸರದಿಯ ಮೇಲೆ ಬಳಸುವುದು ಜಾಣತನ. ಓಡಿಸುವವರು ಮಾತ್ರ ಒಬ್ಬರೇ ಇರಲಿ. ಹತ್ತು ಕೈಯ ಯಂತ್ರ ಬೇಗ ಕೆಡುತ್ತದೆ.