ದಿನಕ್ಕೆ ಕಾಲು ಗಂಟೆಯ ಬಣ್ಣ

ಕುಂದಾಪುರದ ಬಳಿಯ ಉಪ್ಪಿನಕುದ್ರುವಿನ ಯಕ್ಷಗಾನ ಗೊಂಬೆಯಾಟವನ್ನು ವಾಚಕರಲ್ಲಿ ಅನೇಕರು ನೋಡಿರಬಹುದು. ಕೊಗ್ಗ ಕಾಮತರ ಮನೆತನದವರು ಸೂತ್ರ ಹಿಡಿದು ಆಡಿಸುತ್ತ ಬಂದಿರುವ ಆ ಮರದ ಗೊಂಬೆಗಳು ಸುಮಾರು ಒಂದೂವರೆ ಅಡಿ ಎತ್ತರದವು. ಹುಬ್ಬು, ಮೀಸೆ, ತುಟಿಗಳೆಲ್ಲ ಅಷ್ಟರಲ್ಲಿಯೇ ಮೂಡಬೇಕು. ಇವುಗಳಿಗಿಂತ ಬಹಳ ಚಿಕ್ಕದಾದ ಇನ್ನೊಂದು ಬಗೆಯ ಗೊಂಬೆಗಳುಂಟು. ಆಟಿಕೆಯ ಸೈನಿಕರನ್ನು ಹೂಡಿ ಯುದ್ಧವಾಡುವ ಕ್ರಮವನ್ನು ಕುರಿತು ಇಂಗ್ಲೆಂಡಿನ ಎಚ್. ಜಿ. ವೆಲ್ಸ್ 1913ರಲ್ಲಿ ಒಂದು ಪುಸ್ತಕವನ್ನೇ ಪ್ರಕಟಿಸಿದನು. ಇಂದು ಇಂತಹ ಆಟಗಳಲ್ಲಿ ಬಳಕೆಯಲ್ಲಿರುವ ಸೈನಿಕನ ಎತ್ತರ ಅನೇಕ ವೇಳೆ ಸುಮಾರು 28 ಮಿಲಿಮೀಟರು ಮಾತ್ರ. ಅವುಗಳಿಗೆ ಆಡುವವರೇ ಬಣ್ಣ ಹಾಕಿಕೊಳ್ಳುತ್ತಾರೆ.

ನನ್ನ ತಂಗಿಯ ಮಗನು ಕೂಡಿಟ್ಟ ಹಣದಿಂದ ಅಂತಹ ನಲವತ್ತು ಸೈನಿಕರನ್ನು ತರಿಸಿದ್ದನು. ಆಷಾಢದ ಒಂದು ಭಾನುವಾರ, ಅವುಗಳಲ್ಲಿ ಹತ್ತನ್ನು ಒಂದೇ ದಿನದಲ್ಲಿ ಮುಗಿಸಿಕೊಡುತ್ತೇನೆಂದು ನಾನು ಕುಳಿತೆನು. ಸಂಜೆಯ ವೇಳೆಗೆ ಹತ್ತು ಮಂದಿಗೂ ಮುಖವೇ ಇರಲಿಲ್ಲ! ಹುಡುಗನು ಏನೂ ಹೇಳಲಿಲ್ಲ. ಅದೇ ಹೆಚ್ಚು ಕಷ್ಟವಾಯಿತು.

ಆದುದೇನು? ಉಪ್ಪಿನಕುದ್ರುವಿನ ಗೊಂಬೆಯು ಈ ಸೈನಿಕನ ಹದಿನಾರು ಪಟ್ಟು ಎತ್ತರವಷ್ಟೆ. ಆದುದರಿಂದ ಸೈನಿಕನ ಮೇಲೆ 0.1 ಮಿಲಿಮೀಟರು ದಪ್ಪ ಬಳಿಯುವುದೆಂದರೆ, ಆ ಗೊಂಬೆಯ ಮೇಲೆ ಒಂದೂವರೆ ಮಿಲಿಮೀಟರಿಗೂ ಹೆಚ್ಚು ಮೆತ್ತಿದಂತೆ. ಕಣ್ಣಿನ ಕುಳಿ, ಬಾಯಿಯ ಗೆರೆ ಎಲ್ಲವೂ ಹೂತುಹೋಗುತ್ತವೆ. ಲೇಪವು ತೆಳುವಾಗಿರಲೇಬೇಕು. ತೆಳುವಾದ ಒಂದು ಲೇಪ ಸಾಲದು. ಮೂರು ನಾಲ್ಕು ಬೇಕು. ಒಂದು ಒಣಗದೆ ಮತ್ತೊಂದನ್ನು ಬಳಿದರೆ ಕೆಳಗಿನದು ಕುಂಚದೊಡನೆ ಎದ್ದುಬರುತ್ತದೆ.

ಒಣಗುವಿಕೆಯಲ್ಲಿ ಒಂದು ಸ್ವಾರಸ್ಯವಿದೆ. ಬಣ್ಣದ ಮೇಲೆ ಕೆನೆ ಕಟ್ಟಿದ ಬಳಿಕ ಒಳಗಿನ ನೀರು ಆ ಪದರದ ಮೂಲಕ ನುಸುಳಿ ಹೊರಬರಬೇಕಾಗುತ್ತದೆ. ಇದಕ್ಕೆ ತಗಲುವ ಕಾಲವು ಸ್ಥೂಲವಾಗಿ ದಪ್ಪದ ವರ್ಗಕ್ಕೆ ಅನುಗುಣವಾದುದು. ದಪ್ಪವನ್ನು ಕಾಲು ಭಾಗಕ್ಕೆ ಇಳಿಸಿದರೆ ಕಾಲವು ಹದಿನಾರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಅಂತಹ ನಾಲ್ಕು ಲೇಪಗಳೂ ಸೇರಿ, ಒಂದು ದಪ್ಪ ಲೇಪಕ್ಕೆ ಬೇಕಾಗುವ ಕಾಲದ ನಾಲ್ಕನೆಯ ಒಂದು ಭಾಗದಲ್ಲಿ ಒಣಗುತ್ತವೆ!

ನಮ್ಮ ಕರಾವಳಿಯ ಮಳೆಗಾಲವನ್ನೂ ಮರೆಯುವಂತಿಲ್ಲ. ಉಷ್ಣತೆಯೂ ಗಾಳಿಯೂ ಒಂದೇ ಸಮನಾಗಿದ್ದರೆ, ನೀರು ಆವಿಯಾಗುವ ವೇಗವು ಗಾಳಿ ಇನ್ನೆಷ್ಟು ತೇವವನ್ನು ಹಿಡಿಯಬಲ್ಲದೆಂಬುದನ್ನು ಅವಲಂಬಿಸಿದೆ. ಆರ್ದ್ರತೆ ಶೇಕಡಾ 60 ಇದ್ದಾಗ ಉಳಿದಿರುವ ಅವಕಾಶ 40. ಶೇಕಡಾ 90 ಇದ್ದಾಗ ಕೇವಲ 10. ವೇಗವು ಕಾಲು ಭಾಗಕ್ಕೆ ಇಳಿಯಿತು. ಬೈಂದೂರಿನಿಂದ ಬ್ರಹ್ಮಾವರದವರೆಗೆ ಆಷಾಢದಲ್ಲಿ ಬಟ್ಟೆ ಒಣಗಿಸುವವರಿಗೆ ಈ ಲೆಕ್ಕವನ್ನು ಹೇಳಿಕೊಡಬೇಕಾಗಿಲ್ಲ.

ಆದ ಕಾರಣ ಮಿಕ್ಕ ಮೂವತ್ತಕ್ಕೆ ನಾವು ಬೇರೆ ಕ್ರಮವನ್ನು ಹಿಡಿದೆವು. ರಾತ್ರಿ ಊಟಕ್ಕೆ ಮುನ್ನ ಕಾಲು ಗಂಟೆ. ಬಣ್ಣವನ್ನು ನೀರು ಮಜ್ಜಿಗೆಯ ಹದಕ್ಕೆ ತೆಳುಮಾಡಿ, ಹತ್ತು ಸೈನಿಕರನ್ನು ಸಾಲಾಗಿ ನಿಲ್ಲಿಸಿ, ಒಂದೇ ಬಣ್ಣವನ್ನು ಒಂದೇ ಬಾರಿ ಬಳಿದು ಎದ್ದುಬಿಡುವುದು. ಒಣಗಿಸುವ ಕೆಲಸ ಮರುರಾತ್ರಿಯವರೆಗೆ ಗಾಳಿಯದು. ಎಲ್ಲಕ್ಕಿಂತ ಕೊನೆಯಲ್ಲಿ ಬಹಳ ನೀರಾದ ಕಪ್ಪನ್ನು ಸವರಿದೆವು. ಅದು ಉಡುಪಿನ ಮಡಿಕೆಗಳಿಗೆ ತಾನಾಗಿಯೇ ಹರಿದು ನಿಂತು ನೆರಳಾಯಿತು. ಇಲ್ಲಿ ಮೇಲ್ಮೈ ಸೆಳೆತವೇ ಚಿತ್ರಕಾರ.

ನವರಾತ್ರಿಗೆ ಇಪ್ಪತ್ತೆರಡು ಮಂದಿ ಸಿದ್ಧರಾದರು. ಉಳಿದ ಎಂಟು ಮಂದಿಗೆ ಇನ್ನೂ ಕಣ್ಣು ಬರೆಯಬೇಕಾಗಿದೆ; ಆ ಕೆಲಸವನ್ನು ಹುಡುಗನು ನನಗೆ ಬಿಡುವುದಿಲ್ಲ.