ಕೊನೆಯ ಸಾಲಿಗೆ ಮುಟ್ಟುವ ದನಿ

ನಾಟಕದ ಶಾಲೆಯೆಂದರೆ ಬಣ್ಣ ಹಚ್ಚಿಕೊಂಡು ಮಾತುಗಳನ್ನು ಉರುಹೊಡೆಯುವ ಸ್ಥಳವೆಂದು ಅನೇಕರು ಭಾವಿಸಿರುವುದುಂಟು. ಅಲ್ಲಿನ ವಿದ್ಯಾರ್ಥಿಯ ದಿನಚರಿಯನ್ನು ಕಂಡವರಿಗೆ ಈ ಭಾವನೆ ಉಳಿಯದು. ಶಿವಮೊಗ್ಗ ಜಿಲ್ಲೆಯ ಸಾಗರಕ್ಕೆ ಸಮೀಪವಾದ ಹೆಗ್ಗೋಡಿನಲ್ಲಿ ನೀನಾಸಂ ಸಂಸ್ಥೆ 1980ರಲ್ಲಿ ಆರಂಭಿಸಿದ ರಂಗಶಿಕ್ಷಣ ಕೇಂದ್ರವನ್ನೇ ತೆಗೆದುಕೊಳ್ಳೋಣ. ನಾಡಿನ ನಾನಾ ಮೂಲೆಗಳಿಂದ ಬಂದ ತರುಣ ತರುಣಿಯರು ಸುಮಾರು ಹತ್ತು ತಿಂಗಳು ಅಲ್ಲಿಯೇ ವಾಸವಾಗಿದ್ದು ಕಲಿಯುತ್ತಾರೆ. ದೇಹಕ್ಕೆ, ಕಂಠಕ್ಕೆ ಅಭ್ಯಾಸ. ನಾಟಕ ಸಾಹಿತ್ಯ, ರಂಗಸಜ್ಜಿಕೆ, ಪ್ರಸಾಧನ, ಬೆಳಕು ಇವುಗಳ ಪಾಠ. ಇವೆಲ್ಲದರ ಜೊತೆಗೆ ತಾಲೀಮು. ಇಂಥ ದಿನಚರಿಯಲ್ಲಿ ಭೌತವಿಜ್ಞಾನಕ್ಕೆ ಅತ್ಯಂತ ಸಮೀಪವಾದ ಭಾಗ ಕಂಠಾಭ್ಯಾಸ. ಅದನ್ನೇ ಇಲ್ಲಿ ವಿಚಾರಮಾಡೋಣ.

ನಟಶಿಕ್ಷಣದ ಶಾಲೆಗಳಲ್ಲಿ ಈ ಅಭ್ಯಾಸ ಹೊರಗಿನವರಿಗೆ ವಿಚಿತ್ರವಾಗಿ ತೋರುತ್ತದೆ. ಕೆಲವರು ನೆಲದ ಮೇಲೆ ಅಂಗಾತ ಮಲಗಿ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಉಸಿರಾಡುತ್ತಿರುತ್ತಾರೆ. ಕೆಲವರು ತುಟಿ ಮುಚ್ಚಿ ದುಂಬಿಯಂತೆ ಝೇಂಕರಿಸುತ್ತಿರುತ್ತಾರೆ. ಜೋರಾಗಿ ಕೂಗುವುದನ್ನು ಕಲಿತರೆ ಸಾಲದೇ, ಇಷ್ಟೆಲ್ಲ ಏಕೆ?

ಮೊದಲು ದೂರದ ಲೆಕ್ಕ. ನಟನಿಂದ ಮೊದಲ ಸಾಲು 2 ಮೀಟರು, ಕೊನೆಯ ಸಾಲು 16 ಮೀಟರು ದೂರದಲ್ಲಿದೆ ಎಂದುಕೊಳ್ಳೋಣ. ದೂರ ಎಂಟು ಪಟ್ಟಾಯಿತು. ಬಯಲಿನಲ್ಲಿ ದನಿಯ ತೀವ್ರತೆ ದೂರದ ವರ್ಗಕ್ಕೆ ವಿಲೋಮವಾಗಿ ಕುಗ್ಗುವುದರಿಂದ ಕೊನೆಯ ಸಾಲಿನವನಿಗೆ ದೊರಕುವುದು ಮೊದಲ ಸಾಲಿನವನ ಪಾಲಿನ 64ನೆಯ ಒಂದು ಭಾಗ ಮಾತ್ರ. ರಂಗಮಂದಿರದ ಗೋಡೆ ಮಾಡುಗಳು ದನಿಯನ್ನು ಹಿಂತಿರುಗಿಸಿ ಸ್ವಲ್ಪ ನೆರವಾಗುತ್ತವೆ, ನಿಜ. ಉಳಿದದ್ದನ್ನು ನಟನೇ ತುಂಬಿಕೊಡಬೇಕು.

ದನಿ ಹುಟ್ಟುವುದು ಧ್ವನಿಪೆಟ್ಟಿಗೆಯಲ್ಲಿರುವ ಎರಡು ಮೃದುವಾದ ಮಡಿಕೆಗಳಲ್ಲಿ. ಇವುಗಳನ್ನು ಧ್ವನಿತಂತುಗಳೆನ್ನುವುದು ರೂಢಿ. ಉದ್ದ ಎರಡು ಸೆಂಟಿಮೀಟರಿನ ಆಸುಪಾಸು. ಹೆಂಗಸರಲ್ಲಿ ಇನ್ನೂ ಕಡಿಮೆ. ಶ್ವಾಸಕೋಶದಿಂದ ಮೇಲೇರಿದ ಗಾಳಿ ಇವುಗಳನ್ನು ತಳ್ಳಿ ತೆರೆಯುತ್ತದೆ. ಅವು ಮತ್ತೆ ಮುಚ್ಚಿಕೊಳ್ಳುತ್ತವೆ. ಮಾತನಾಡುವಾಗ ಇದು ಗಂಡಸರಲ್ಲಿ ಸೆಕೆಂಡಿಗೆ ಸುಮಾರು 120 ಸಲ, ಹೆಂಗಸರಲ್ಲಿ ಸುಮಾರು 200 ಸಲ ನಡೆಯುತ್ತದೆ. ಒಂದು ತಾಲೀಮಿನಲ್ಲಿ ನಟಿಯ ಕಂಠ ಒಟ್ಟು ಅರ್ಧ ಗಂಟೆ ಧ್ವನಿಗೈದರೆ ಈ ಮಡಿಕೆಗಳು 3,60,000 ಸಲ ಒಂದಕ್ಕೊಂದು ತಾಗಿರುತ್ತವೆ! ಗಂಟಲನ್ನು ಬಿಗಿಹಿಡಿದು ಕಿರಿಚುವವರಲ್ಲಿ ಪ್ರತಿಯೊಂದು ತಾಗುವಿಕೆಯೂ ಹೊಡೆತವಾಗುತ್ತದೆ. ಮಡಿಕೆಗಳು ಊದಿಕೊಂಡು ದನಿ ಒಡೆಯುತ್ತದೆ. ಹಾಗೆಯೇ ಮುಂದುವರಿದರೆ, ಕಂಪನ ಅತ್ಯಧಿಕವಾಗಿರುವ ಸ್ಥಳದಲ್ಲಿ ಸಣ್ಣ ಗಂಟುಗಳು ಬೆಳೆಯಬಹುದು. ನಟನಾಗಬೇಕೆಂದು ಮನೆ ಬಿಟ್ಟು ಬಂದ ತರುಣನ ಬಂಡವಾಳವೇ ಅಲ್ಲಿಗೆ ಕರಗಿತು. ಪಿಟೀಲಿನ ತಂತಿ ಹರಿದರೆ ಅಂಗಡಿಯಲ್ಲಿ ಬೇರೊಂದು ದೊರಕುತ್ತದೆ, ಇದು ದೊರಕದು. (ದಿನಕ್ಕೆ ನಾಲ್ಕು ಪಾಠ ಹೇಳುವ ನಮ್ಮಂಥ ಅಧ್ಯಾಪಕರಿಗೂ ಈ ಮಾತು ಅನ್ವಯಿಸುತ್ತದೆ. ನಮಗೆ ಕಂಠಶಿಕ್ಷಣ ಕೊಟ್ಟವರು ಯಾರೂ ಇಲ್ಲ.)

ಹಾಗಾದರೆ ಗಂಟಲನ್ನು ಬಿಗಿಯದೆ ದನಿಯನ್ನು ಹೆಚ್ಚಿಸುವುದು ಹೇಗೆ? ಇದಕ್ಕೆ ಎರಡು ಉಪಾಯಗಳುಂಟು.

ಮೊದಲನೆಯದು ಉಸಿರಿನ ಹತೋಟಿ. ಒಂದು ಲೋಟ ನೀರಿನಲ್ಲಿ ಹೀರುಗೊಳವೆಯನ್ನು 10 ಸೆಂಟಿಮೀಟರು ಆಳಕ್ಕೆ ಇಳಿಸಿ, ಗುಳ್ಳೆಗಳು ಒಂದೇ ಸಮನೆ ಏಳುವಂತೆ ಮೆಲ್ಲನೆ ಊದಿ ನೋಡಿ. ಸಾಧಾರಣ ಮಾತಿಗೆ ಧ್ವನಿತಂತುಗಳ ಕೆಳಗೆ ಬೇಕಾದ ಒತ್ತಡ ಇಷ್ಟೇ, ಇಲ್ಲವೆ ಇದಕ್ಕೂ ಕಡಿಮೆ. ಆದರೆ ಗಾಳಿ ತುಂಬಿದ ಎದೆ ಹಿಗ್ಗಿದ ರಬ್ಬರಿನ ಚೀಲವಿದ್ದಂತೆ. ತಾನಾಗಿಯೇ ಕುಗ್ಗಿ ಉಸಿರನ್ನು ಒಮ್ಮೆಗೇ ಹೊರದೂಡಲು ಹವಣಿಸುತ್ತದೆ. ವಪೆಯನ್ನೂ ಪಕ್ಕೆಲುಬುಗಳ ಸ್ನಾಯುಗಳನ್ನೂ ಹತೋಟಿಯಲ್ಲಿಟ್ಟುಕೊಂಡು ಉಸಿರನ್ನು ಅಳೆದಳೆದು ಬಿಡಬೇಕು. ಉದ್ದವಾದ ಮಾತಿನ ಕೊನೆಯ ಪದ ಕ್ಷೀಣಿಸದೆ ಉಳಿಯುವುದು ಆಗಲೇ. ಅಂಗಾತ ಮಲಗಿ ಹೊಟ್ಟೆಯ ಏರಿಳಿತವನ್ನು ಗಮನಿಸುವ ಅಭ್ಯಾಸದ ಗುಟ್ಟು ಇದು.

ಎರಡನೆಯದು ಅನುರಣನೆ. ನೀರಿನ ಜಾಡಿಯಲ್ಲಿ ಕೊಳವೆಯನ್ನಿಟ್ಟು, ಅದರ ಬಾಯಿಗೆ ಶ್ರುತಿಕವೆಯನ್ನು ಹಿಡಿದು ಮಾಡುವ ಪ್ರಯೋಗವನ್ನು ಕಾಲೇಜು ವಿದ್ಯಾರ್ಥಿಗಳು ಬಲ್ಲರು. ಧ್ವನಿತಂತುಗಳಿಂದ ತುಟಿಯವರೆಗಿನ ದಾರಿಯೂ ಅಂಥದೇ ಒಂದು ಕೊಳವೆ: ಒಂದು ತುದಿ ಮುಚ್ಚಿದ್ದು, ಇನ್ನೊಂದು ತೆರೆದದ್ದು, ಉದ್ದ ಗಂಡಸರಲ್ಲಿ ಸುಮಾರು 17 ಸೆಂಟಿಮೀಟರು. ದನಿಯ ವೇಗ ಸೆಕೆಂಡಿಗೆ 340 ಮೀಟರೆಂದು ಹಿಡಿದರೆ ಈ ಕೊಳವೆಯ ಮೊದಲ ಅನುರಣನೆ 500 ಕಂಪನಗಳಿಗೆ ಬೀಳುತ್ತದೆ. ಅನಂತರದವು 1500, 2500, 3500ಕ್ಕೆ. ನಾಲಗೆ ತುಟಿಗಳ ಚಲನೆಯಿಂದ ಕೊಳವೆಯ ಆಕಾರ ಬದಲಾಗಿ ಇವು ಆಚೀಚೆ ಸರಿಯುತ್ತವೆ. ‘ಆ’ ‘ಈ’ಗಳ ಭೇದ ಮುಖ್ಯವಾಗಿ ಮೊದಲೆರಡರಿಂದ ಬರುತ್ತದೆ.

ನಟನಿಗೆ ಬೇಕಾದದ್ದು ಮೇಲಿನವು. ಮನುಷ್ಯನ ಕಿವಿ ಅತ್ಯಂತ ಸೂಕ್ಷ್ಮವಾಗಿರುವುದು 2000ದಿಂದ 5000 ಕಂಪನಗಳ ನಡುವೆ. ಕಿವಿಯ ನಾಳವೂ ಒಂದು ಪುಟ್ಟ ಕೊಳವೆಯೇ ಅಲ್ಲವೆ! ಸ್ವೀಡನ್ನಿನ ಯೋಹಾನ್ ಸುಂಡ್‌ಬರ್ಗ್ 1970ರ ದಶಕದಲ್ಲಿ ಪಾಶ್ಚಾತ್ಯ ಗಾಯಕರನ್ನು ಪರೀಕ್ಷಿಸಿ, ವಾದ್ಯಮೇಳದ ಮೇಲೂ ಅವರ ಕಂಠ ಕೇಳುವುದೇಕೆಂದು ತೋರಿಸಿಕೊಟ್ಟರು. ಅವರು ಗಂಟಲಿನ ಆಕಾರವನ್ನು ಹೊಂದಿಸಿಕೊಂಡು, ಮೇಲಿನ ಅನುರಣನೆಗಳನ್ನು 3000ದ ಹತ್ತಿರ ಒಟ್ಟುಗೂಡಿಸುತ್ತಿದ್ದರು. ವಾದ್ಯಮೇಳದ ಬಲವಿರುವುದು ಅದಕ್ಕಿಂತ ಬಹಳ ಕೆಳಗೆ. ಪಳಗಿದ ನಟರ ದನಿಯಲ್ಲಿಯೂ ಇಂಥ ಶಿಖರ ಕಂಡುಬಂದಿದೆ. ಝೇಂಕರಿಸುವ ಅಭ್ಯಾಸದಲ್ಲಿ ತುಟಿ ಮೂಗುಗಳ ಬಳಿಯ ಕಂಪನವನ್ನು ವಿದ್ಯಾರ್ಥಿ ಮುಟ್ಟಿ ತಿಳಿಯುತ್ತಾನೆ. ಗಂಟಲನ್ನು ಸಡಿಲಬಿಟ್ಟು ದನಿಯನ್ನು ಮುಂದಕ್ಕೆ ತರಲು ಅದೇ ಅವನ ಮಾಪಕ.

ಕಿರಿಚುವುದರಲ್ಲಿ ಇನ್ನೊಂದು ನಷ್ಟವೂ ಉಂಟು. ಕಲ್ಲು, ಹಲ್ಲು, ಗಲ್ಲು ಎಂಬ ಪದಗಳನ್ನು ಬೇರ್ಪಡಿಸುವುದು ಮೊದಲ ವ್ಯಂಜನವೊಂದೇ. ವ್ಯಂಜನಗಳಲ್ಲಿರುವ ಶಕ್ತಿ ಅತ್ಯಲ್ಪ. ಕೂಗಿದಾಗ ಸ್ವರಗಳು ಉಬ್ಬುತ್ತವೆ, ವ್ಯಂಜನಗಳು ಅಷ್ಟಾಗಿ ಏರುವುದಿಲ್ಲ. ಕೊನೆಯ ಸಾಲಿಗೆ ಗದ್ದಲ ತಲಪುತ್ತದೆ, ಮಾತು ತಲಪುವುದಿಲ್ಲ. ಅಂಗಿಗೆ ಸಿಕ್ಕಿಸುವ ಪುಟ್ಟ ಮೈಕು ಬಂದಮೇಲೆ ಇದೆಲ್ಲ ಏಕೆಂದು ಕೇಳುವವರಿದ್ದಾರೆ. ಅಸ್ಪಷ್ಟವಾದ ಮಾತನ್ನು ಮೈಕು ದೊಡ್ಡದು ಮಾಡುತ್ತದೆಯೇ ಹೊರತು ಸ್ಪಷ್ಟಗೊಳಿಸಲಾರದು.

ಶಿಕ್ಷಣ ಮುಗಿಸಿದವರಲ್ಲಿ ಕೆಲವರು, ನೀನಾಸಂ 1985ರಲ್ಲಿ ಆರಂಭಿಸಿದ ‘ತಿರುಗಾಟ’ದಲ್ಲಿ ಸೇರಿ ಊರೂರು ಸುತ್ತುತ್ತಾರೆ. ಆಗ ಹೊಸದೊಂದು ತೊಡಕು ಎದುರಾಗುತ್ತದೆ. ಬರಿಯ ಗೋಡೆಗಳ ದೊಡ್ಡ ಸಭಾಂಗಣದಲ್ಲಿ, ಬಾಯಿ ಮುಚ್ಚಿದ ಮೇಲೂ ದನಿ ಸುಳಿದಾಡುತ್ತಿದ್ದು ಮುಂದಿನ ಪದವನ್ನು ಮಸುಕುಮಾಡುತ್ತದೆ. ಬಯಲಿನಲ್ಲಾದರೋ ಏನೂ ಹಿಂತಿರುಗುವುದಿಲ್ಲ. ಪ್ರೇಕ್ಷಕರ ಮೈ ಬಟ್ಟೆಗಳು ದನಿಯನ್ನು ಹೀರುವುದರಿಂದ, ಮಧ್ಯಾಹ್ನ ಖಾಲಿಯಿದ್ದ ಸಭಾಂಗಣ ರಾತ್ರಿ ಬೇರೆಯೇ ಆಗಿರುತ್ತದೆ. ಆದುದರಿಂದ ನುರಿತ ನಟ ಆಟಕ್ಕೆ ಮುಂಚೆ ಖಾಲಿ ರಂಗದ ಮೇಲೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ, ಅದು ಎಷ್ಟು ಹೊತ್ತು ಉಳಿಯುತ್ತದೆಂದು ಕಿವಿಗೊಡುತ್ತಾನೆ. ಜನ ತುಂಬಿದಮೇಲೆ ಅದರಲ್ಲಿ ಎಷ್ಟು ಕಳೆಯಬೇಕೆಂದು ಅಂದಾಜುಮಾಡಿ, ಆ ರಾತ್ರಿಯ ಮಾತಿನ ಗತಿಯನ್ನು ಗೊತ್ತುಮಾಡಿಕೊಳ್ಳುತ್ತಾನೆ.